ಕಾಣುವುದು 207, ಎಣಿಕೆ 255: ಆಕ್ಸೆಸ್ ಟೇಬಲ್ ಮುಷ್ಕರ ಹೂಡುವುದೇಕೆ?

ವಾರ್ಷಿಕ ಮಹಾಸಭೆಗೆ ಹತ್ತು ದಿನಗಳಷ್ಟೇ ಉಳಿದಿವೆ. ಸದಸ್ಯರ ಉಳಿತಾಯ, ಸಾಲದ ಕಂತು, ಬಡ್ಡಿ, ದಂಡಗಳ ಲೆಕ್ಕವನ್ನು ಮುದ್ರಿಸಿ ಲೆಕ್ಕ ಪರಿಶೋಧಕರ ಮುಂದಿಡಬೇಕಾಗಿದೆ. ಮೊತ್ತಗಳಲ್ಲಿ ಪೈಸೆಯ ವ್ಯತ್ಯಾಸ ಬರುತ್ತಿರುವುದನ್ನು ಗಮನಿಸಿದ ಗುಮಾಸ್ತರು ಟೇಬಲ್‌ನ ರಚನೆಯನ್ನು ತುಸು ಬದಲಿಸಿ ‘ಸೇವ್’ ಒತ್ತುತ್ತಾರೆ. ಪರದೆಯ ಮೇಲೆ ಮೂಡುವುದು ಒಂದೇ ಸಾಲು: ‘ಟೂ ಮೆನಿ ಫೀಲ್ಡ್ಸ್ ಡಿಫೈನ್ಡ್’. ಅಂದರೆ ಫೀಲ್ಡ್‌ಗಳ ಸಂಖ್ಯೆ ಮಿತಿ ಮೀರಿದೆ ಎಂದರ್ಥ. ಗುಮಾಸ್ತರಾದರೋ ಹೊಸ ಫೀಲ್ಡ್ ಒಂದನ್ನೂ ಸೇರಿಸಿಲ್ಲ!

ಇದು ಕಲ್ಪಿತ ಸಂಘವೊಂದರ ಚಿತ್ರ. ಆದರೆ ಮೈಕ್ರೋಸಾಫ್ಟ್ ಆಕ್ಸೆಸ್ ತಂತ್ರಾಂಶದಲ್ಲಿ ಲೆಕ್ಕ ಇಡುವ ಸಹಕಾರ ಸಂಘ, ಶಾಲೆ, ಗ್ರಂಥಾಲಯ, ಸಣ್ಣ ಕಾರ್ಖಾನೆಗಳಲ್ಲಿ ಯಾರಿಗೆ ಬೇಕಾದರೂ ಎದುರಾಗಬಹುದಾದ ಪ್ರಸಂಗ. 1992ರಲ್ಲಿ ಮಾರುಕಟ್ಟೆಗೆ ಬಂದ ಆಕ್ಸೆಸ್ ಅನೇಕ ಆವೃತ್ತಿಗಳನ್ನು ಕಂಡಿದೆ. ಕಡತದ ಗರಿಷ್ಠ ಗಾತ್ರ 2 ಗಿಗಾಬೈಟ್‌ಗೆ ಏರಿದೆ, 2007ರ ಆವೃತ್ತಿಯೊಂದಿಗೆ ಕಡತದ ಸ್ವರೂಪವೇ ಬದಲಾಗಿದೆ. ಬದಲಾಗದೆ ಉಳಿದಿರುವುದು ಒಂದು ಟೇಬಲ್‌ಗೆ 255 ಫೀಲ್ಡ್ ಎಂಬ ಮಿತಿ. ಒಂದು ಬೈಟ್‌ನಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆಯೂ 255. ಆಕ್ಸೆಸ್‌ನ ಸಮಕಾಲೀನವಾದ ಫಾಕ್ಸ್‌ಪ್ರೋದಲ್ಲಿಯೂ ಇದೇ ಮಿತಿ ಇತ್ತು.

ಅಳಿಸಿದರೂ ಅಳಿಯದ ಲೆಕ್ಕ

ಟೇಬಲ್ ತೆರೆದು ಎಣಿಸಿದರೆ ಫೀಲ್ಡ್‌ಗಳು 255ಕ್ಕಿಂತ ಎಷ್ಟೋ ಕಡಿಮೆ ಇರುತ್ತವೆ. ಹಾಗಿದ್ದೂ ಆಕ್ಸೆಸ್ ಮಿತಿ ಮೀರಿತೆಂದು ಹೇಳುವುದೇಕೆ? ಉತ್ತರ ಇರುವುದು ಟೇಬಲ್‌ನ ಒಳಗಿನ ಇನ್ನೊಂದು ಎಣಿಕೆಯಲ್ಲಿ. ಪ್ರತಿ ಟೇಬಲ್‌ಗೂ ಆಕ್ಸೆಸ್ ತನ್ನದೇ ಆದ ಆಂತರಿಕ ಫೀಲ್ಡ್ ಎಣಿಕೆಯನ್ನು ಇಟ್ಟುಕೊಂಡಿರುತ್ತದೆ. ಬಳಕೆದಾರರು ಫೀಲ್ಡ್ ಒಂದನ್ನು ಅಳಿಸಿದಾಗ ಅದು ಪರದೆಯಿಂದ ಮರೆಯಾಗುತ್ತದೆಯೇ ಹೊರತು ಆಂತರಿಕ ಎಣಿಕೆ ಇಳಿಯುವುದಿಲ್ಲ. ಫೀಲ್ಡ್‌ನ ಬಗೆ ಅಥವಾ ಗಾತ್ರದಂಥ ಗುಣವನ್ನು ಬದಲಿಸಿದಾಗ ಆಕ್ಸೆಸ್ ಹಳೆಯ ಫೀಲ್ಡನ್ನೇ ತಿದ್ದುವುದಿಲ್ಲ. ಹೊಸ ಫೀಲ್ಡ್ ಒಂದನ್ನು ಸೃಷ್ಟಿಸಿ, ಮಾಹಿತಿಯನ್ನು ಅದಕ್ಕೆ ನಕಲು ಮಾಡಿ, ಹಳೆಯದನ್ನು ಕೈಬಿಡುತ್ತದೆ. ಕೈಬಿಟ್ಟ ಫೀಲ್ಡ್ ಲೆಕ್ಕದಲ್ಲಿ ಉಳಿದುಕೊಳ್ಳುತ್ತದೆ. ಪಡಿತರ ಚೀಟಿಯಿಂದ ತೆಗೆಯದೆ ಬಿಟ್ಟ ಹೆಸರಿನಂತೆ, ಮನೆಯಲ್ಲಿ ಇಲ್ಲದವರೂ ತಲೆ ಎಣಿಕೆಗೆ ಸೇರುತ್ತಾರೆ.

ಮೇಲೆ ಹೇಳಿದ ಸಂಘದ ಲೆಕ್ಕವನ್ನೇ ನೋಡಬಹುದು. ಸದಸ್ಯರ ಸಂಖ್ಯೆ, ಹೆಸರು, ತಂದೆ ಅಥವಾ ಪತಿಯ ಹೆಸರು, ಊರು, ಷೇರು ಮೊತ್ತ ಇತ್ಯಾದಿ 15 ಫೀಲ್ಡ್‌ಗಳು. ಪ್ರತಿ ತಿಂಗಳಿಗೂ ಉಳಿತಾಯ, ಕಂತು, ಬಡ್ಡಿ, ದಂಡ ಎಂದು ನಾಲ್ಕು ಫೀಲ್ಡ್. ವರ್ಷಕ್ಕೆ 48. ನಾಲ್ಕು ವರ್ಷಗಳಲ್ಲಿ 192. ಒಟ್ಟು 207. ಮೊತ್ತದ ಫೀಲ್ಡ್‌ಗಳನ್ನು ಆರಂಭದಲ್ಲಿ ‘ನಂಬರ್’ ಬಗೆಯಲ್ಲಿ, ‘ಡಬಲ್’ ಗಾತ್ರದಲ್ಲಿ ರಚಿಸಲಾಗಿತ್ತು. ಈ ಬಗೆಯ ಸಂಖ್ಯೆಗಳಲ್ಲಿ ದಶಾಂಶಗಳು ಸದಾ ನಿಖರವಾಗಿ ಕೂರುವುದಿಲ್ಲವಾದ್ದರಿಂದ ದೊಡ್ಡ ಮೊತ್ತಗಳನ್ನು ಕೂಡುವಾಗ ಪೈಸೆಗಳು ಅತ್ತಿತ್ತ ಆಗುತ್ತವೆ. ನಾಲ್ಕು ದಶಾಂಶ ಸ್ಥಾನಗಳವರೆಗೆ ನಿಖರವಾಗಿರುವ ‘ಕರೆನ್ಸಿ’ ಬಗೆಗೆ ಬದಲಿಸುವುದು ಸರಿಯಾದ ನಿರ್ಧಾರವೇ. ಗುಮಾಸ್ತರ ಉದ್ದೇಶದಲ್ಲಿ ತಪ್ಪಿಲ್ಲ, ಅವರು 192 ಫೀಲ್ಡ್‌ಗಳನ್ನು ಒಂದೇ ಸಲಕ್ಕೆ ಬದಲಿಸಿ ಸೇವ್ ಮಾಡಿದ್ದೇ ತೊಡಕಾಯಿತು. ಆಂತರಿಕ ಎಣಿಕೆ 207ರಿಂದ 399ಕ್ಕೆ ಹೋಗಬೇಕಾಯಿತು. 255 ದಾಟುತ್ತಿದ್ದಂತೆ ಆಕ್ಸೆಸ್ ಕೈಚೆಲ್ಲಿತು.

ಈ ಹಂತದಲ್ಲಿ ಗಾಬರಿಪಡಬೇಕಾದ ಕಾರಣವಿಲ್ಲ. ಮೊದಲ ಸಂದೇಶದ ಬೆನ್ನಿಗೇ ಬರುವ ಎರಡನೆಯ ಸಂದೇಶವು ಸೇವ್ ಮಾಡುವಾಗ ದೋಷಗಳು ಕಂಡುಬಂದವು, ಮಾಹಿತಿಯ ಬಗೆ ಬದಲಾಗಿಲ್ಲ ಎಂದು ತಿಳಿಸುತ್ತದೆ. ಟೇಬಲ್ ಹಿಂದಿನಂತೆಯೇ ಇರುತ್ತದೆ, ಸದಸ್ಯರ ಲೆಕ್ಕ ಎಲ್ಲಿಯೂ ಹೋಗಿರುವುದಿಲ್ಲ. ಅಪಾಯ ಬರುವುದು ಆನಂತರ, ಗಾಬರಿಯಲ್ಲಿ ‘ಬೇಡದ’ ಫೀಲ್ಡ್‌ಗಳನ್ನು ಹುಡುಕಿ ಅಳಿಸಲು ಹೊರಟಾಗ. ಅಳಿಸಿದರೆ ಎಣಿಕೆ ಇಳಿಯುವುದಿಲ್ಲ. ಮಾಹಿತಿ ಮಾತ್ರ ಹೋಗುತ್ತದೆ.

ಎಣಿಕೆಯನ್ನು ಇಳಿಸುವ ಬಗೆ

ಆಂತರಿಕ ಎಣಿಕೆಯನ್ನು ವಾಸ್ತವ ಸಂಖ್ಯೆಗೆ ಇಳಿಸುವ ದಾರಿ ‘ಕಂಪ್ಯಾಕ್ಟ್ ಅಂಡ್ ರಿಪೇರ್’. 2003ರ ಆವೃತ್ತಿಯಲ್ಲಿ ಇದು ಟೂಲ್ಸ್ ಮೆನುವಿನ ಡೇಟಾಬೇಸ್ ಯುಟಿಲಿಟೀಸ್ ಅಡಿಯಲ್ಲಿತ್ತು. 2010ರ ಆವೃತ್ತಿಯಿಂದ ಈಚೆಗೆ ಫೈಲ್ ಮೆನುವಿನ ಇನ್ಫೋ ಪುಟದಲ್ಲಿಯೂ ಡೇಟಾಬೇಸ್ ಟೂಲ್ಸ್ ಪಟ್ಟಿಯಲ್ಲಿಯೂ ಸಿಗುತ್ತದೆ. ಇದು ಇಡೀ ಡೇಟಾಬೇಸನ್ನು ಹೊಸ ಕಡತವೊಂದಕ್ಕೆ ಶುದ್ಧಪ್ರತಿ ಮಾಡುತ್ತದೆ. ಶುದ್ಧಪ್ರತಿಯಲ್ಲಿ ಅಳಿಸಿದ ಫೀಲ್ಡ್‌ಗಳಿಗೂ ಕೈಬಿಟ್ಟ ಫೀಲ್ಡ್‌ಗಳಿಗೂ ಸ್ಥಾನವಿಲ್ಲ. ಈ ಕೆಲಸಕ್ಕೆ ಮುನ್ನ ಕಡತದ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಕಡ್ಡಾಯವೆಂದೇ ಭಾವಿಸಬೇಕು. ಕಚೇರಿಯ ಬೇರೆ ಯಾರೂ ಆ ಹೊತ್ತಿಗೆ ಡೇಟಾಬೇಸನ್ನು ತೆರೆದಿರಬಾರದು. ಹೊಸ ಪ್ರತಿಗೆ ಸಾಲುವಷ್ಟು ಜಾಗ ಡಿಸ್ಕಿನಲ್ಲಿ ಇರಬೇಕು.

ಕಂಪ್ಯಾಕ್ಟ್ ಆದ ಮೇಲೆ ಎಣಿಕೆ 207ಕ್ಕೆ ಮರಳುತ್ತದೆ. 255ರಲ್ಲಿ 207 ಕಳೆದರೆ ಉಳಿಯುವುದು 48. ಒಂದು ವರ್ಷದ ಮೊತ್ತದ ಫೀಲ್ಡ್‌ಗಳೂ 48! ಆದ್ದರಿಂದ ಮೊದಲ ವರ್ಷದ 48 ಫೀಲ್ಡ್‌ಗಳನ್ನು ಕರೆನ್ಸಿಗೆ ಬದಲಿಸಿ ಸೇವ್ ಮಾಡುವುದು, ಕಂಪ್ಯಾಕ್ಟ್ ಮಾಡುವುದು, ಎರಡನೆಯ ವರ್ಷಕ್ಕೆ ಹೋಗುವುದು. ಹೀಗೆ ನಾಲ್ಕು ಸುತ್ತುಗಳಲ್ಲಿ ಕೆಲಸ ಮುಗಿಯುತ್ತದೆ. 49ನೆಯ ಫೀಲ್ಡಿಗೆ ಕೈಹಾಕಿದರೆ ಮತ್ತೆ ಅದೇ ಸಂದೇಶ. ಬೇರೆ ಟೇಬಲ್‌ಗಳಿಗೂ ಇದೇ ಸೂತ್ರ: 255ರಿಂದ ಈಗಿರುವ ಫೀಲ್ಡ್‌ಗಳನ್ನು ಕಳೆದರೆ ಬರುವ ಸಂಖ್ಯೆಯಷ್ಟೇ ಒಂದು ಸುತ್ತಿನ ಬದಲಾವಣೆಗೆ ಅವಕಾಶ. 127 ಅಥವಾ ಅದಕ್ಕಿಂತ ಕಡಿಮೆ ಫೀಲ್ಡ್ ಇರುವ ಟೇಬಲ್‌ನಲ್ಲಿ, ಕಂಪ್ಯಾಕ್ಟ್ ಆದ ಕೂಡಲೇ ಆದರೆ, ಎಲ್ಲವನ್ನೂ ಒಮ್ಮೆಲೇ ಬದಲಿಸಬಹುದು.

‘ಕಂಪ್ಯಾಕ್ಟ್ ಮಾಡಿದೆವು, ಆದರೂ ಹೋಗಲಿಲ್ಲ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಡೇಟಾಬೇಸ್ ಎರಡು ಕಡತಗಳಾಗಿ ವಿಭಜನೆಗೊಂಡಿದೆಯೇ ಎಂಬುದನ್ನು. ಹಲವು ಕಚೇರಿಗಳಲ್ಲಿ ಫಾರ್ಮ್ ಮತ್ತು ವರದಿಗಳು ಒಂದು ಕಡತದಲ್ಲಿಯೂ ಟೇಬಲ್‌ಗಳು ಸರ್ವರ್‌ನಲ್ಲಿರುವ ಇನ್ನೊಂದು ಕಡತದಲ್ಲಿಯೂ ಇರುತ್ತವೆ. ದಿನವೂ ಬಳಸುವ ಮುಂದಿನ ಕಡತವನ್ನು ಎಷ್ಟು ಸಲ ಕಂಪ್ಯಾಕ್ಟ್ ಮಾಡಿದರೂ ಹಿಂದಿನ ಕಡತದ ಟೇಬಲ್‌ಗೆ ಅದು ತಟ್ಟುವುದಿಲ್ಲ. ಟೇಬಲ್ ಇರುವ ಮೂಲ ಕಡತವನ್ನೇ ತೆರೆಯಬೇಕು, ಅಲ್ಲಿಯೇ ರಚನೆ ಬದಲಿಸಬೇಕು, ಅಲ್ಲಿಯೇ ಕಂಪ್ಯಾಕ್ಟ್ ಮಾಡಬೇಕು. ಕಡತ ದೋಷಗೊಂಡು ಕಂಪ್ಯಾಕ್ಟ್ ಆಗಲು ನಿರಾಕರಿಸಿದರೆ ಹೊಸದೊಂದು ಖಾಲಿ ಡೇಟಾಬೇಸ್ ರಚಿಸಿ ಟೇಬಲ್‌ಗಳನ್ನು ಅದರೊಳಕ್ಕೆ ಇಂಪೋರ್ಟ್ ಮಾಡಿ ನೋಡಬಹುದು. ಹೊಸದಾಗಿ ರಚನೆಯಾದ ಟೇಬಲ್‌ಗೆ ಹಳೆಯ ಎಣಿಕೆಯ ಹೊರೆ ಇರುವುದಿಲ್ಲ.

ಸಾವಿರಾರು ದಾಖಲೆಗಳಿರುವ ಟೇಬಲ್‌ಗಳಲ್ಲಿ ಇನ್ನೊಂದು ತೊಡಕು ಕಾಣಿಸುವುದುಂಟು. ಫೀಲ್ಡ್‌ನ ಬಗೆ ಬದಲಿಸುವಾಗ ಲಾಕ್‌ಗಳ ಸಂಖ್ಯೆ ಮೀರಿತು, ‘ಮ್ಯಾಕ್ಸ್‌ಲಾಕ್ಸ್‌ಪರ್‌ಫೈಲ್’ ಹೆಚ್ಚಿಸಿ ಎಂಬ ಸಂದೇಶ ಬರುತ್ತದೆ. ಡಿಸ್ಕ್ ಜಾಗ ಅಥವಾ ಮೆಮೊರಿ ಸಾಲದು ಎಂಬ ರೂಪದಲ್ಲಿಯೂ ಬರಬಹುದು. ಡಿಸ್ಕಿನಲ್ಲಿ ಎಷ್ಟೋ ಗಿಗಾಬೈಟ್ ಖಾಲಿ ಇದ್ದರೂ ಈ ಮಾತು ಕೇಳಿ ಹೊಸ ಹಾರ್ಡ್‌ಡಿಸ್ಕ್ ಕೊಳ್ಳಲು ಹೊರಡಬೇಕಾಗಿಲ್ಲ. ಇದಕ್ಕೂ ಫೀಲ್ಡ್ ಎಣಿಕೆಗೂ ಸಂಬಂಧವಿಲ್ಲ. ಒಂದು ಕಾರ್ಯಾಚರಣೆಯಲ್ಲಿ ಇಡಬಹುದಾದ ಲಾಕ್‌ಗಳ ಸಂಖ್ಯೆ ಸಾಮಾನ್ಯವಾಗಿ 9,500 ಎಂದು ನಿಗದಿಯಾಗಿರುತ್ತದೆ. ಅದನ್ನು ತಾತ್ಕಾಲಿಕವಾಗಿ ಏರಿಸಬಹುದು. ಆದರೆ ಅದಕ್ಕಿಂತ ನೆಮ್ಮದಿಯ ಮಾರ್ಗವೊಂದಿದೆ. ಟೇಬಲನ್ನು ನಕಲು ಮಾಡಿ ಅಂಟಿಸುವಾಗ ‘ಸ್ಟ್ರಕ್ಚರ್ ಓನ್ಲಿ’ ಆಯ್ಕೆ ಮಾಡಿ, ಅಂದರೆ ಮಾಹಿತಿಯಿಲ್ಲದ ಬರಿಯ ರಚನೆಯ ಪ್ರತಿ ತೆಗೆದು, ಆ ಖಾಲಿ ಟೇಬಲ್‌ನಲ್ಲಿಯೇ ಬದಲಾವಣೆಗಳನ್ನು ಮಾಡಿ, ಆಮೇಲೆ ಅಪೆಂಡ್ ಕ್ವೆರಿಯಿಂದ ಹಳೆಯ ಟೇಬಲ್‌ನ ಮಾಹಿತಿಯನ್ನು ತುಂಬುವುದು. ಆಟೋನಂಬರ್ ಫೀಲ್ಡಿನ ಸಂಖ್ಯೆಗಳು ಸಹ ಹೀಗೆ ಮಾಡಿದಾಗ ಹಾಗೆಯೇ ಬರುತ್ತವೆ. ಹಳೆಯ ಟೇಬಲ್ ಅಷ್ಟೂ ಹೊತ್ತು ಮುಟ್ಟದೆ ಉಳಿದಿರುತ್ತದೆ ಎಂಬುದೇ ಈ ವಿಧಾನದ ದೊಡ್ಡ ಅನುಕೂಲ. ಫೀಲ್ಡ್ ಎಣಿಕೆಯ ಸುತ್ತುಗಳನ್ನು ಮಾತ್ರ ಇಲ್ಲಿಯೂ ಪಾಲಿಸಬೇಕು.

ಕನ್ನಡದ ದಾಖಲೆಗಳಿಗೆ ಬೇರೆಯದೇ ಮಿತಿ

ಫೀಲ್ಡ್‌ಗಳ ಸಂಖ್ಯೆ ಮಿತಿಯೊಳಗೇ ಇದ್ದು, ಮಾಹಿತಿ ತುಂಬುವಾಗ ‘ರೆಕಾರ್ಡ್ ಈಸ್ ಟೂ ಲಾರ್ಜ್’ ಎಂಬ ಸಂದೇಶ ಬರುವುದು ಇನ್ನೊಂದು ಬಗೆಯ ಕಾಟ. ಕನ್ನಡದಲ್ಲಿ ಮಾಹಿತಿ ಇಡುವವರು ಇದನ್ನು ವಿಶೇಷವಾಗಿ ತಿಳಿದಿರಬೇಕು. ಏಕೆಂದರೆ ಇಂಗ್ಲಿಷಿನಲ್ಲಿ ಇಡುವವರಿಗಿಂತ ಬಹಳ ಮೊದಲೇ ಇದು ಕನ್ನಡಿಗರ ಬಾಗಿಲು ತಟ್ಟುತ್ತದೆ.

ಆಕ್ಸೆಸ್ ಮಾಹಿತಿಯನ್ನು 4 ಕಿಲೋಬೈಟ್‌ನ ಪುಟಗಳಲ್ಲಿ ಇಡುತ್ತದೆ. ಮೆಮೊ ಬಗೆಯ ಫೀಲ್ಡ್‌ಗಳನ್ನು ಬಿಟ್ಟರೆ ಒಬ್ಬ ಸದಸ್ಯನ ಇಡೀ ದಾಖಲೆ ಒಂದೇ ಪುಟದಲ್ಲಿ ಹಿಡಿಸಬೇಕು. 2000ದ ಆವೃತ್ತಿಯಿಂದ ಆಕ್ಸೆಸ್ ಯೂನಿಕೋಡ್ ಬಳಸುತ್ತಿದ್ದು, ಪ್ರತಿ ಸಂಕೇತಕ್ಕೆ ಎರಡು ಬೈಟ್ ಬೇಕು. ಇಂಗ್ಲಿಷ್ ಅಕ್ಷರಗಳಿಗೆ ಎರಡರಲ್ಲಿ ಒಂದು ಬೈಟ್ ಸೊನ್ನೆಯೇ ಆಗಿರುವುದರಿಂದ ‘ಯೂನಿಕೋಡ್ ಕಂಪ್ರೆಶನ್’ ಸೌಲಭ್ಯವು ಅದನ್ನು ಹಿಂಡಿ ಒಂದೇ ಬೈಟ್‌ಗೆ ಇಳಿಸುತ್ತದೆ. ಕನ್ನಡದ ಸಂಕೇತಗಳಲ್ಲಿ ಅಂಥ ಸೊನ್ನೆ ಇಲ್ಲ, ಹಿಂಡಲು ಬರುವುದಿಲ್ಲ. ಆದ್ದರಿಂದ ಇಂಗ್ಲಿಷಿನಲ್ಲಿ ಒಂದು ದಾಖಲೆಗೆ ಸುಮಾರು 4,000 ಸಂಕೇತಗಳು ಹಿಡಿಸಿದರೆ ಕನ್ನಡದಲ್ಲಿ ಅದು ಸುಮಾರು 2,000ಕ್ಕೆ ಇಳಿಯುತ್ತದೆ.

ಸಂಕೇತವೆಂದರೆ ಕಣ್ಣಿಗೆ ಕಾಣುವ ಅಕ್ಷರವೆಂದು ತಿಳಿಯಬಾರದು. ‘ಕರ್ನಾಟಕ’ ಓದುವವರಿಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಕ, ರ, ವಿರಾಮ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ ಎಂದು ಏಳು ಸಂಕೇತ, 14 ಬೈಟ್. ಇಂಗ್ಲಿಷಿನಲ್ಲಿ ಅದೇ ಹೆಸರಿಗೆ ಒಂಬತ್ತು ಅಕ್ಷರ, ಹಿಂಡಿದ ಮೇಲೆ ಒಂಬತ್ತು ಬೈಟ್. ‘ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ’ ಎಂಬ ಹೆಸರಿನಲ್ಲಿ ಅಕ್ಷರಗಳು 15 ಮಾತ್ರ. ಒತ್ತು, ಗುಣಿತದ ಚಿಹ್ನೆಗಳು ಮತ್ತು ನಡುವಿನ ಖಾಲಿ ಜಾಗಗಳನ್ನು ಸೇರಿಸಿದರೆ ಸಂಕೇತಗಳು 30. ಫೀಲ್ಡ್‌ನ ಗಾತ್ರವನ್ನು 20 ಎಂದು ನಿಗದಿಪಡಿಸಿದವರಿಗೆ ಸಂಘದ ಹೆಸರು ಪೂರ್ತಿ ಹಿಡಿಸದಿರುವುದು ಇದೇ ಕಾರಣದಿಂದ.

ನುಡಿ ಮುಂತಾದ ಹಳೆಯ ಫಾಂಟ್‌ಗಳ ಸಂಕೇತದಲ್ಲಿದ್ದ ಹೆಸರು, ವಿಳಾಸಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಕಚೇರಿಗಳಲ್ಲಿ ಈ ದೋಷ ಹಠಾತ್ತನೆ ತಲೆದೋರಬಹುದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಾಲಿನ ಸಂಕೇತಗಳನ್ನೇ ಎರವಲು ಪಡೆದು ಕನ್ನಡದ ರೂಪ ತೋರಿಸುತ್ತಿದ್ದವು. ಆಕ್ಸೆಸ್‌ನ ದೃಷ್ಟಿಯಲ್ಲಿ ಅದು ಇಂಗ್ಲಿಷೇ. ಹಾಗಾಗಿ ಬಹುಪಾಲು ಹಿಂಡಿ ಇಡಲು ಬರುತ್ತಿತ್ತು. ಯೂನಿಕೋಡ್‌ಗೆ ಬಂದ ಕೂಡಲೇ ಆ ರಿಯಾಯಿತಿ ತಪ್ಪುತ್ತದೆ. ವರ್ಷಗಟ್ಟಲೆ ಸುಗಮವಾಗಿದ್ದ ಟೇಬಲ್‌ನಲ್ಲಿ ಉದ್ದನೆಯ ವಿಳಾಸ, ಷರಾಗಳಿರುವ ಕೆಲವೇ ದಾಖಲೆಗಳು ಪರಿವರ್ತನೆಗೆ ಒಪ್ಪದೆ ನಿಲ್ಲುತ್ತವೆ. ಮನೆಮನೆ ಸಮೀಕ್ಷೆಯ ಟೇಬಲ್‌ನಲ್ಲಿ 40 ಫೀಲ್ಡ್‌ಗಳಿದ್ದು ಒಂದೊಂದರಲ್ಲಿ 60 ಸಂಕೇತಗಳ ಕನ್ನಡ ಉತ್ತರ ತುಂಬಿದರೆ 2,400 ಆಯಿತು. ಫೀಲ್ಡ್‌ಗಳು ನಲವತ್ತೇ ಆದರೂ ಪುಟ ತುಂಬಿ ಚೆಲ್ಲುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೆಂದರೆ ಫೀಲ್ಡ್‌ಗಳ ಗಾತ್ರವನ್ನು 255ರಿಂದ 100ಕ್ಕೆ, 50ಕ್ಕೆ ಇಳಿಸುವುದು. ಆಕ್ಸೆಸ್‌ನಲ್ಲಿ ಟೆಕ್ಸ್ಟ್ ಫೀಲ್ಡ್ ತನ್ನಲ್ಲಿ ತುಂಬಿರುವಷ್ಟೇ ಜಾಗ ತೆಗೆದುಕೊಳ್ಳುತ್ತದೆ. ಗಾತ್ರ ಎಂಬುದು ಕೇವಲ ಮೇಲ್ಮಿತಿ. ಅದನ್ನು ಇಳಿಸಿದರೆ ಜಾಗ ಉಳಿಯುವುದಿಲ್ಲ, ಉದ್ದದ ಹೆಸರುಗಳ ಬಾಲ ಕತ್ತರಿಸಿ ಹೋಗುತ್ತದೆ. ಜತೆಗೆ ಹೀಗೆ ಇಳಿಸಿದ ಪ್ರತಿ ಫೀಲ್ಡೂ ಆಂತರಿಕ ಎಣಿಕೆಗೆ ಒಂದನ್ನು ಸೇರಿಸುವುದರಿಂದ ಒಂದು ದೋಷ ಕಳೆಯಲು ಹೋಗಿ ಇನ್ನೊಂದನ್ನು ಬರಮಾಡಿಕೊಂಡಂತೆ. ಷರಾ, ವಿಳಾಸ, ಅಭಿಪ್ರಾಯಗಳಂಥ ಉದ್ದನೆಯ ಫೀಲ್ಡ್‌ಗಳನ್ನು ಮೆಮೊ ಬಗೆಗೆ ಬದಲಿಸುವುದು ಸರಿಯಾದ ಪರಿಹಾರ. 2013ರ ಆವೃತ್ತಿಯಿಂದ ಅದಕ್ಕೆ ‘ಲಾಂಗ್ ಟೆಕ್ಸ್ಟ್’ ಎಂಬ ಹೆಸರು.

ಐದನೆಯ ವರ್ಷದ ನಂತರ

ಸಂಘದ ಲೆಕ್ಕಕ್ಕೆ ಮರಳುವುದಾದರೆ, ನಾಲ್ಕು ಸುತ್ತಿನ ಕಂಪ್ಯಾಕ್ಟ್‌ನಿಂದ ಈ ವರ್ಷದ ಮಹಾಸಭೆ ದಾಟಬಹುದು. ಐದನೆಯ ವರ್ಷಕ್ಕೆ ಇನ್ನೂ 48 ಫೀಲ್ಡ್ ಸೇರಿಸಿದರೆ ಸರಿಯಾಗಿ 255. ಆರನೆಯ ವರ್ಷದ ಏಪ್ರಿಲ್ ತಿಂಗಳಿಗೆ ಜಾಗವೇ ಇಲ್ಲ. ಆಗ ಕಂಪ್ಯಾಕ್ಟ್ ಕೂಡ ನೆರವಿಗೆ ಬಾರದು.

ಹೊಸ ವರ್ಷಕ್ಕೆ ಹೊಸ ಟೇಬಲ್ ಮಾಡಿದರಾಯಿತು ಎಂಬ ಉಪಾಯ ಹೊಳೆಯುವುದು ಸಹಜ. ಆದರೆ 255ರ ಮಿತಿ ಕ್ವೆರಿಗೂ ಅನ್ವಯಿಸುತ್ತದೆ. ಎರಡು ಟೇಬಲ್‌ಗಳನ್ನು ಜೋಡಿಸಿ ಎಲ್ಲ ಫೀಲ್ಡ್‌ಗಳನ್ನೂ ಕೇಳಿದರೆ ಅಲ್ಲಿಯೂ ‘ಟೂ ಮೆನಿ ಫೀಲ್ಡ್ಸ್ ಡಿಫೈನ್ಡ್’. ಹತ್ತು ವರ್ಷಗಳ ಹಿಂದಿನ ಬಾಕಿ ಹುಡುಕಲು ಹತ್ತು ಟೇಬಲ್ ತಡಕಾಡಬೇಕು. ನಿಜವಾದ ದೋಷ ಇರುವುದು ಟೇಬಲನ್ನು ಹಾಳೆಯಂತೆ ಬಳಸಿದ್ದರಲ್ಲಿ. ಎಕ್ಸೆಲ್‌ನಲ್ಲಿ ಕಾಲಂ ಮುಂದುವರಿಸುತ್ತ ಹೋಗುವುದು ರೂಢಿ. 2003ರ ಎಕ್ಸೆಲ್‌ನಲ್ಲಿ 256 ಕಾಲಂಗಳಿದ್ದವು, 2007ರಿಂದ 16,384 ಇವೆ. ಆ ರೂಢಿಯಲ್ಲಿ ಬೆಳೆದ ಹಾಳೆಯನ್ನು ಆಕ್ಸೆಸ್‌ಗೆ ತಂದವರೇ ಈ ಇಕ್ಕಟ್ಟಿಗೆ ಸಿಲುಕುವವರಲ್ಲಿ ಹೆಚ್ಚು. ಡೇಟಾಬೇಸ್ ಬೆಳೆಯಬೇಕಾದದ್ದು ಅಡ್ಡಕ್ಕೆ ಅಲ್ಲ, ಉದ್ದಕ್ಕೆ. ಮಾಹಿತಿಯನ್ನು ಪರಸ್ಪರ ಸಂಬಂಧವುಳ್ಳ ಟೇಬಲ್‌ಗಳಲ್ಲಿ ಹಂಚುವ ಈ ಚಿಂತನೆಗೆ ಐಬಿಎಂನ ಇ. ಎಫ್. ಕಾಡ್ 1970ರಲ್ಲಿಯೇ ತಳಹದಿ ಹಾಕಿದ್ದರು.

ಸಂಘದ ವಿಚಾರದಲ್ಲಿ ಇದರ ಅರ್ಥ ಸರಳ. 15 ಫೀಲ್ಡ್‌ಗಳ ಸದಸ್ಯರ ಟೇಬಲ್ ಒಂದು. ಜಮಾ ಟೇಬಲ್ ಇನ್ನೊಂದು: ಸದಸ್ಯ ಸಂಖ್ಯೆ, ತಿಂಗಳನ್ನು ಸೂಚಿಸುವ ದಿನಾಂಕ, ಉಳಿತಾಯ, ಕಂತು, ಬಡ್ಡಿ, ದಂಡ, ಹೀಗೆ ಆರೇ ಫೀಲ್ಡ್. ಪ್ರತಿ ತಿಂಗಳೂ ಪ್ರತಿ ಸದಸ್ಯನಿಗೆ ಒಂದು ಸಾಲು. 500 ಸದಸ್ಯರಿದ್ದರೆ ವರ್ಷಕ್ಕೆ 6,000 ಸಾಲು, ಐದು ವರ್ಷಕ್ಕೆ 30,000. ಆಕ್ಸೆಸ್‌ಗೆ ಇದು ಭಾರವೇ ಅಲ್ಲ. ಆರನೆಯ ವರ್ಷಕ್ಕೂ ಹದಿನಾರನೆಯ ವರ್ಷಕ್ಕೂ ರಚನೆ ಮುಟ್ಟಬೇಕಾಗಿಲ್ಲ. ಸದಸ್ಯ ಸಂಖ್ಯೆ ಮತ್ತು ದಿನಾಂಕಗಳನ್ನು ಜೋಡಿಯಾಗಿ ಪ್ರೈಮರಿ ಕೀ ಮಾಡಿ, ದಿನಾಂಕವನ್ನು ಸದಾ ತಿಂಗಳ ಮೊದಲ ದಿನವೆಂದೇ ಬರೆದರೆ ಒಬ್ಬನ ಹೆಸರಿಗೆ ಒಂದೇ ತಿಂಗಳು ಎರಡು ಸಲ ಜಮಾ ಆಗುವುದನ್ನು ಆಕ್ಸೆಸ್ ತಾನೇ ತಡೆಯುತ್ತದೆ. ಫೀಲ್ಡ್‌ಗೆ ‘ಡೇಟ್’, ‘ಮಂತ್’ ಎಂದು ಹೆಸರಿಡುವುದು ಬೇಡ. ಅವು ತಂತ್ರಾಂಶವು ತನಗಾಗಿ ಕಾಯ್ದಿರಿಸಿಕೊಂಡ ಪದಗಳು.

ಸ್ಥಳಾಂತರದ ಕೆಲಸ ಬೇಸರ ತರಿಸುವಂಥದ್ದು, ಕಠಿಣವಾದದ್ದಲ್ಲ. ನಾಲ್ಕು ವರ್ಷಗಳ 48 ತಿಂಗಳಿಗೆ 48 ಅಪೆಂಡ್ ಕ್ವೆರಿಗಳು. ಪ್ರತಿಯೊಂದೂ ಹಳೆಯ ಟೇಬಲ್‌ನಿಂದ ಸದಸ್ಯ ಸಂಖ್ಯೆಯನ್ನೂ ಆ ತಿಂಗಳ ನಾಲ್ಕು ಮೊತ್ತಗಳನ್ನೂ ಎತ್ತಿಕೊಂಡು, ದಿನಾಂಕವನ್ನು ತಾನೇ ಸೇರಿಸಿ ಹೊಸ ಟೇಬಲ್‌ಗೆ ಹಾಕುತ್ತದೆ. ಒಂದು ಕ್ವೆರಿ ಬರೆದು ತಿಂಗಳ ಹೆಸರು ಬದಲಿಸುತ್ತ ಹೋಗಬಹುದು. ವಿಬಿಎ ಬಲ್ಲವರು ಹತ್ತಿಪ್ಪತ್ತು ಸಾಲುಗಳ ಕೋಡ್‌ನಲ್ಲಿ ಮುಗಿಸುತ್ತಾರೆ. ತಡವಾಗಿ ಸದಸ್ಯರಾದವರ ಹಿಂದಿನ ತಿಂಗಳ ಫೀಲ್ಡ್‌ಗಳು ಖಾಲಿ ಇರುತ್ತವೆ. ಅಂಥವುಗಳನ್ನು ಸೊನ್ನೆ ಎಂದು ತುಂಬದೆ ಬಿಟ್ಟುಬಿಡಬೇಕು. ಖಾಲಿ ಬೇರೆ, ಸೊನ್ನೆ ಬೇರೆ. ಕಂತು ಕಟ್ಟದ ತಿಂಗಳಿಗೂ ಸದಸ್ಯನೇ ಆಗಿರದ ತಿಂಗಳಿಗೂ ಇರುವ ಅಂತರ ಅದು.

ಹಳೆಯ ಫಾರ್ಮ್‌ಗಳು, ವರದಿಗಳು ಹೊಸ ರಚನೆಗೆ ಹೊಂದುವುದಿಲ್ಲ ಎಂಬುದನ್ನು ಮರೆಮಾಚುವಂತಿಲ್ಲ. ಅವನ್ನು ಮತ್ತೆ ಮಾಡಬೇಕು. ತಿಂಗಳುಗಳನ್ನು ಅಡ್ಡಸಾಲಿನಲ್ಲಿ ಕಾಣುವ ಹಳೆಯ ನಮೂನೆಯೇ ಆಡಳಿತ ಮಂಡಳಿಗೆ ಬೇಕೆಂದಾದರೆ ಕ್ರಾಸ್‌ಟ್ಯಾಬ್ ಕ್ವೆರಿ ಅದನ್ನು ಒದಗಿಸುತ್ತದೆ. ಅದರಲ್ಲಿ ನೋಡಬಹುದು, ಮುದ್ರಿಸಬಹುದು, ತಿದ್ದಲು ಬಾರದು. ಮಹಾಸಭೆಗೆ ಹತ್ತು ದಿನವಿರುವಾಗ ಈ ಕೆಲಸಕ್ಕೆ ಕೈಹಾಕುವುದು ವಿವೇಕವಲ್ಲ. ಸಭೆ ಮುಗಿದು ಲೆಕ್ಕ ಪರಿಶೋಧನೆಯೂ ಆದ ಮೇಲಿನ ಬಿಡುವಿನ ವಾರ ಇದಕ್ಕೆ ಹೆಚ್ಚು ಸೂಕ್ತ.

ಸ್ಥಳಾಂತರ ಮುಗಿದ ದಿನ ಮಾಡಬೇಕಾದ ತಾಳೆಯೊಂದಿದೆ. ಹಳೆಯ ಟೇಬಲ್‌ನಲ್ಲಿ ಪ್ರತಿ ಕಾಲಂನ ಮೊತ್ತವನ್ನು ತೆಗೆದು, ಹೊಸ ಟೇಬಲ್‌ನಲ್ಲಿ ಅದೇ ತಿಂಗಳ ಅದೇ ಬಾಬಿನ ಮೊತ್ತದೊಂದಿಗೆ ಪೈಸೆಯವರೆಗೂ ಹೋಲಿಸಬೇಕು. ಹಾಗೆಯೇ ಯಾವುದಾದರೂ ಹತ್ತು ಸದಸ್ಯರ ಲೆಕ್ಕವನ್ನು ಪಾಸ್‌ಪುಸ್ತಕದೊಂದಿಗೆ ಹೋಲಿಸಬೇಕು. ಹಳೆಯ ಟೇಬಲ್‌ನಲ್ಲಿ ಒಬ್ಬ ಸದಸ್ಯನ ಅಡ್ಡಸಾಲನ್ನು ಕೂಡುವಾಗ ‘ಎನ್‌ಜೆಡ್’ ಫಂಕ್ಷನ್ ಬಳಸದಿದ್ದರೆ ಒಂದೇ ಒಂದು ಖಾಲಿ ಫೀಲ್ಡ್ ಇಡೀ ಮೊತ್ತವನ್ನು ಖಾಲಿ ಮಾಡಿ ತೋರಿಸುತ್ತದೆ. ಅದನ್ನು ಕಂಡು ಸ್ಥಳಾಂತರವೇ ಕೆಟ್ಟಿತೆಂದು ಭಾವಿಸಬೇಕಾಗಿಲ್ಲ. ಎಲ್ಲ ತಾಳೆಗಳೂ ಕೂಡಿಬಂದ ನಂತರವೂ ಹಳೆಯ ಕಡತವನ್ನು ‘ರೀಡ್ ಓನ್ಲಿ’ ಮಾಡಿ, ಮುಂದಿನ ಲೆಕ್ಕ ಪರಿಶೋಧನೆ ಮುಗಿಯುವವರೆಗೆ ಬೇರೆ ಡಿಸ್ಕಿನಲ್ಲಿ ಕಾಪಾಡಿಕೊಂಡಿರಬೇಕು.